ಕೊಟ್ಟ ಅನುಮತಿ ಹಿಂಪಡೆಯಲು ಕಲಿಯಿರಿ: ಐಎಎಂ ವೃತ್ತಿಗೆ ಸೇರುವುದು ಹೇಗೆ?

ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಮೇಲ್, ಫೈಲ್‌ಗಳು, ಬೇಕಾದ ಆ್ಯಪ್‌ಗಳು ಸಿಗಬೇಕು. ವಿಭಾಗ ಬದಲಾದರೆ ಹಳೆಯದು ಮುಚ್ಚಿ ಹೊಸದು ತೆರೆಯಬೇಕು. ಕೆಲಸ ಬಿಟ್ಟ ದಿನ ಒಂದೂ ಉಳಿಯಬಾರದು. ಐಡೆಂಟಿಟಿ ಆ್ಯಂಡ್ ಆ್ಯಕ್ಸೆಸ್ ಮ್ಯಾನೇಜ್‌ಮೆಂಟ್, ಅಂದರೆ ಐಎಎಂ ಕೆಲಸದ ತಿರುಳು ಇದು. ಅನುಮತಿ ಸಿಗದವರು ತಾವಾಗಿಯೇ ಬಂದು ಕೇಳುತ್ತಾರೆ. ಬಿಟ್ಟುಹೋದವರ ಖಾತೆ ಹಾಗೇ ಉಳಿದರೆ ಕೇಳುವವರೇ ಇರುವುದಿಲ್ಲ. ಕಳ್ಳರಿಗೆ ಬೇಕಾದದ್ದೂ ಅಂಥ ಖಾತೆಯೇ. ಹಾಗಾಗಿ ಹಿಂಪಡೆಯುವ ಕೆಲಸವನ್ನು ಸರಿಯಾಗಿ ಕಲಿತವರಿಗೆ ಈ ಕ್ಷೇತ್ರದಲ್ಲಿ ಬೆಲೆ ಇದೆ.

ಮೊದಲು ಮನೆಯಲ್ಲೇ ಒಂದು ಲ್ಯಾಬ್

ಕೋರ್ಸ್ ಕೊಳ್ಳುವ ಮುಂಚೆ ಲ್ಯಾಬ್ ಕಟ್ಟಿಕೊಳ್ಳಿ. 16 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್, ಒಂದೇ ಕಂಪ್ಯೂಟರ್‌ನೊಳಗೆ ಹಲವು ಯಂತ್ರಗಳನ್ನು ನಡೆಸುವ ಉಚಿತ ವರ್ಚುವಲ್‌ಬಾಕ್ಸ್, 180 ದಿನ ನಡೆಯುವ ವಿಂಡೋಸ್ ಸರ್ವರ್‌ನ ಪ್ರಾಯೋಗಿಕ ಆವೃತ್ತಿ ಸಾಕು. ಸರ್ವರ್‌ಗೆ 4 ಜಿಬಿ ಕೊಟ್ಟು ಆ್ಯಕ್ಟಿವ್ ಡೈರೆಕ್ಟರಿ (ಖಾತೆ, ಗ್ರೂಪ್‌ಗಳನ್ನು ಒಂದೆಡೆ ನಿರ್ವಹಿಸುವ ಮೈಕ್ರೊಸಾಫ್ಟ್ ವ್ಯವಸ್ಥೆ) ಸ್ಥಾಪಿಸಿ, ಇನ್ನೊಂದು ವಿಂಡೋಸ್ ಯಂತ್ರವನ್ನು ಅದು ನಿರ್ವಹಿಸುವ ಬಳಗಕ್ಕೆ, ಅಂದರೆ ಡೊಮೇನ್‌ಗೆ ಸೇರಿಸಿ. ಆ ಯಂತ್ರದಲ್ಲಿ ಹೋಂ ಆವೃತ್ತಿ ಇದ್ದರೆ ಡೊಮೇನ್‌ಗೆ ಸೇರುವುದಿಲ್ಲ. ಪ್ರೊ ಅಥವಾ ಎಂಟರ್‌ಪ್ರೈಸ್ ಬೇಕು.

ಹೆಚ್ಚಿನವರು ಎಡವುವುದು ಡಿಎನ್‌ಎಸ್‌ನಲ್ಲಿ, ಅಂದರೆ ಯಂತ್ರದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆಯಲ್ಲಿ. ಕ್ಲೈಂಟ್ ಯಂತ್ರದ ಡಿಎನ್‌ಎಸ್ ವಿಳಾಸ ನಿಮ್ಮ ಡೊಮೇನ್ ಕಂಟ್ರೋಲರ್‌ನದ್ದೇ (ಆ್ಯಕ್ಟಿವ್ ಡೈರೆಕ್ಟರಿ ನಡೆಸುವ ಸರ್ವರ್) ಆಗಿರಬೇಕು, ರೂಟರ್‌ನದ್ದಲ್ಲ. ಗಡಿಯಾರವನ್ನೂ ನೋಡಿಕೊಳ್ಳಿ. ಎರಡು ಯಂತ್ರಗಳ ಸಮಯದಲ್ಲಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕೆರ್ಬರೋಸ್ (ಡೊಮೇನ್‌ನಲ್ಲಿ ಗುರುತು ಪರಿಶೀಲಿಸುವ ಪದ್ಧತಿ) ಲಾಗಿನ್ ಕೈಕೊಡುತ್ತದೆ. ಮೂರು ವಿಭಾಗ, ಸುಮಾರು ಇಪ್ಪತ್ತು ಕಾಲ್ಪನಿಕ ನೌಕರರನ್ನು ಸೃಷ್ಟಿಸಿ. ಅನುಮತಿಯನ್ನು ಗ್ರೂಪ್‌ಗಳಿಗೆ ಕೊಡಿ, ಎಂದೂ ನೇರವಾಗಿ ವ್ಯಕ್ತಿಗೆ ಕೊಡಬೇಡಿ. ವ್ಯಕ್ತಿಗೆ ಕೊಟ್ಟದ್ದು ಮುಂದೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಸೇರ್ಪಡೆ, ವರ್ಗಾವಣೆ, ನಿರ್ಗಮನ: ಒಂದೇ ಸ್ಕ್ರಿಪ್ಟ್‌ನಲ್ಲಿ

ಇಲ್ಲಿ ಆತುರ ಬೇಡ. ಕಲಿಯುವುದು ಬಹಳ ಇದೆ. ಎಚ್‌ಆರ್ ವಿಭಾಗ ಕಳಿಸುವಂತೆ ಒಂದು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಟ್ಟ ಪಟ್ಟಿ) ಕಡತ ಮಾಡಿ: ನೌಕರ ಸಂಖ್ಯೆ, ಹೆಸರು, ವಿಭಾಗ, ಮ್ಯಾನೇಜರ್, ಕೊನೆಯ ದಿನ. ಅದನ್ನು ಓದಿ ಖಾತೆಗಳನ್ನು ಹೊಂದಿಸುವ ಸ್ಕ್ರಿಪ್ಟ್ ಅನ್ನು ವಿಂಡೋಸ್‌ನ ಪವರ್‌ಶೆಲ್ ಭಾಷೆಯಲ್ಲಿ ಬರೆಯಿರಿ. ಖಾತೆ ಮತ್ತು ಕಡತವನ್ನು ಜೋಡಿಸುವ ಕೊಂಡಿ ನೌಕರ ಸಂಖ್ಯೆಯೇ ಆಗಿರಲಿ. ಹೆಸರು ಬದಲಾಗುತ್ತದೆ, ಒಬ್ಬರು ಬಿಟ್ಟ ಮೇಲ್ ವಿಳಾಸ ಮತ್ತೊಬ್ಬರಿಗೆ ಹೋಗುತ್ತದೆ.

ಅದೇ ಕಡತವನ್ನು ಎರಡು ಸಲ ಓಡಿಸಿ. ಎರಡನೇ ಸಲ ಏನೂ ಬದಲಾಗಬಾರದು. ಬದಲಾದರೆ ಸ್ಕ್ರಿಪ್ಟ್ ಇನ್ನೂ ಹಸಿ. ನಂತರ ಕಡತದ ಅರ್ಧ ಸಾಲುಗಳನ್ನು ಅಳಿಸಿ ಓಡಿಸಿ ನೋಡಿ. ಕಡತದಲ್ಲಿ ಇಲ್ಲದವರನ್ನೆಲ್ಲ ಬಿಟ್ಟುಹೋದವರೆಂದು ಬಗೆದು ಸ್ಕ್ರಿಪ್ಟ್ ಅರ್ಧ ಕಂಪನಿಯ ಖಾತೆಗಳನ್ನೇ ಮುಚ್ಚಿಬಿಡುತ್ತದೆ. ಒಮ್ಮೆಗೆ ಶೇ 5ಕ್ಕಿಂತ ಹೆಚ್ಚು ಖಾತೆ ಮುಚ್ಚುವ ಸ್ಥಿತಿ ಬಂದರೆ ನಿಂತು ಮನುಷ್ಯರನ್ನು ಕೇಳುವಂತೆ ಮಿತಿ ಹಾಕಿ.

ವರ್ಗಾವಣೆಯಲ್ಲಿ ಹೊಸ ಗ್ರೂಪ್ ಸೇರಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ಹಳೆಯದನ್ನು ತೆಗೆಯದೆ ಬಿಟ್ಟರೆ ಹತ್ತು ವರ್ಷ ದುಡಿದವರ ಬಳಿ ನಾಲ್ಕು ವಿಭಾಗಗಳ ಅನುಮತಿ ಕೂಡಿಬಿದ್ದಿರುತ್ತದೆ. ನಿರ್ಗಮನದಲ್ಲಿ ಖಾತೆಯನ್ನು ತಕ್ಷಣ ಅಳಿಸಬೇಡಿ, ನಿಷ್ಕ್ರಿಯಗೊಳಿಸಿ. ಅಳಿಸಿ ಅದೇ ಹೆಸರಲ್ಲಿ ಮತ್ತೆ ಸೃಷ್ಟಿಸಿದರೂ ಒಳಗಿನ ಎಸ್‌ಐಡಿ (ಖಾತೆಯ ಗುರುತು ಸಂಖ್ಯೆ) ಬೇರೆಯಾಗುವುದರಿಂದ ಹಳೆಯ ಅನುಮತಿಗಳು ಮರಳುವುದಿಲ್ಲ. ನಿಷ್ಕ್ರಿಯಗೊಳಿಸಿದ ಕ್ಷಣಕ್ಕೆ ಎಲ್ಲ ಬಾಗಿಲೂ ಮುಚ್ಚಿತು ಎಂದೂ ತಿಳಿಯಬೇಡಿ. ಈಗಾಗಲೇ ಪಡೆದ ಕೆರ್ಬರೋಸ್ ಟಿಕೆಟ್‌ನ (ಪ್ರವೇಶ ಚೀಟಿ) ಡೀಫಾಲ್ಟ್ ಆಯಸ್ಸು 10 ಗಂಟೆ.

ಬಳಕೆಯಲ್ಲಿಲ್ಲದ ಖಾತೆಗಳ ಪಟ್ಟಿ ತೆಗೆಯುವಾಗ ಇನ್ನೊಂದು ತೊಡಕಿದೆ. ಕೊನೆಯ ಲಾಗಿನ್ ಯಾವಾಗ ಎಂದು ಹೇಳುವ ಲಾಸ್ಟ್‌ಲಾಗಾನ್ ಎಂಬ ಮಾಹಿತಿ ಆಯಾ ಡೊಮೇನ್ ಕಂಟ್ರೋಲರ್‌ನಲ್ಲೇ ಉಳಿಯುತ್ತದೆ. ಎಲ್ಲ ಕಡೆ ಹರಡುವ ಲಾಸ್ಟ್‌ಲಾಗಾನ್‌ಟೈಮ್‌ಸ್ಟ್ಯಾಂಪ್ ಡೀಫಾಲ್ಟ್ ಆಗಿ ಎರಡು ವಾರದವರೆಗೆ ಹಿಂದೆ ಬಿದ್ದಿರಬಹುದು. 90 ದಿನದ ವರದಿಗೆ ಇದು ನಡೆಯುತ್ತದೆ, 10 ದಿನದ ವರದಿಗೆ ನಡೆಯುವುದಿಲ್ಲ.

ಪ್ರೋಟೊಕಾಲ್‌ಗಳನ್ನು ಕೆಡಿಸಿ ಕಲಿಯಿರಿ

ಪ್ರೋಟೊಕಾಲ್ ಎಂದರೆ ವ್ಯವಸ್ಥೆಗಳು ಪರಸ್ಪರ ಮಾತಾಡುವ ನಿಯಮ. ನಾಲ್ಕು ಹೆಸರುಗಳು ನಾಲಗೆಯ ತುದಿಯಲ್ಲಿರಬೇಕು: ಸ್ಯಾಮಲ್ 2.0 (2005), ಓಆಥ್ 2.0 (2012), ಓಪನ್‌ಐಡಿ ಕನೆಕ್ಟ್ (2014), ಸ್ಕಿಮ್ 2.0 (2015). ಸ್ಯಾಮಲ್ ಮತ್ತು ಓಪನ್‌ಐಡಿ ಕನೆಕ್ಟ್ ಲಾಗಿನ್‌ಗೆ, ಓಆಥ್ ಅನುಮತಿಗೆ, ಸ್ಕಿಮ್ ಖಾತೆಗಳನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಒಯ್ಯಲು. ಓಆಥ್ ಆ್ಯಕ್ಸೆಸ್ ಟೋಕನ್ (ಅನುಮತಿ ಸಾರುವ ಡಿಜಿಟಲ್ ಚೀಟಿ) ಕಂಡ ತಕ್ಷಣ ‘ಬಳಕೆದಾರ ಲಾಗಿನ್ ಆಗಿದ್ದಾನೆ’ ಎಂದು ನಂಬುವ ಆ್ಯಪ್‌ಗಳಿವೆ. ಆ ತಪ್ಪನ್ನು ಗುರುತಿಸಲು ಬಂದರೆ ಸಂದರ್ಶನದಲ್ಲಿ ಅರ್ಧ ಗೆದ್ದಂತೆ.

ಓಪನ್ ಸೋರ್ಸ್ ಲಾಗಿನ್ ಸರ್ವರ್ ಆದ ಕೀಕ್ಲೋಕ್ ಅನ್ನು ಡಾಕರ್‌ನಲ್ಲಿ (ಆ್ಯಪ್‌ಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ನಡೆಸುವ ಸಾಧನ) ಚಾಲೂ ಮಾಡಿ, ನಿಮ್ಮ ಡೈರೆಕ್ಟರಿಗೆ ಅದನ್ನು ಓದುವ ಪ್ರೋಟೊಕಾಲ್ ಆದ ಎಲ್‌ಡ್ಯಾಪ್ ಮೂಲಕ ಜೋಡಿಸಿ (ಪೋರ್ಟ್ 389, ಟಿಎಲ್‌ಎಸ್ ಇದ್ದರೆ 636). ಒಂದು ಆ್ಯಪ್‌ಗೆ ಸ್ಯಾಮಲ್, ಇನ್ನೊಂದಕ್ಕೆ ಓಪನ್‌ಐಡಿ ಕನೆಕ್ಟ್ ಕೊಡಿ. ಲಾಗಿನ್ ಕೆಲಸ ಮಾಡಿದ ಮೇಲೆ ಒಂದೊಂದಾಗಿ ಕೆಡಿಸಿ: ಲಾಗಿನ್ ನಂತರ ಆ್ಯಪ್‌ಗೆ ಮರಳಿಸುವ ರೀಡೈರೆಕ್ಟ್ ವಿಳಾಸದ ಕೊನೆಯ ಸ್ಲ್ಯಾಶ್ ತೆಗೆಯಿರಿ, ಸರ್ಟಿಫಿಕೇಟ್ ಬದಲಿಸಿ, ಸರ್ವರ್ ಗಡಿಯಾರ ಹತ್ತು ನಿಮಿಷ ಮುಂದಿಡಿ. ಪ್ರತಿ ಸಲ ಬರುವ ದೋಷ ಸಂದೇಶ ಮತ್ತು ಕಾರಣವನ್ನು ಬರೆದಿಡಿ. ನೌಕರಿಯಲ್ಲಿ ಬರುವ ದೂರುಗಳು ಬಹುಪಾಲು ಇವೇ.

ಟೋಕನ್ ಬಿಡಿಸಿ ಓದಿ. ಚುಕ್ಕಿಯಿಂದ ಬೇರ್ಪಟ್ಟ ಮೂರು ಭಾಗಗಳಲ್ಲಿ ನಡುವಿನದರಲ್ಲಿ ಯಾರು ಕೊಟ್ಟದ್ದು, ಯಾರಿಗೆ ಕೊಟ್ಟದ್ದು, ಯಾವಾಗ ಮುಗಿಯುತ್ತದೆ ಎಂಬುದು ಕಾಣುತ್ತದೆ. ಕೀಕ್ಲೋಕ್‌ನ ಆ್ಯಕ್ಸೆಸ್ ಟೋಕನ್ ಡೀಫಾಲ್ಟ್ ಆಗಿ 5 ನಿಮಿಷ ಬಾಳುತ್ತದೆ. ಆ್ಯಪ್ ತನ್ನದೇ ಸೆಶನ್ (ಲಾಗಿನ್ ಆದ ಸ್ಥಿತಿ) ಅನ್ನು ಎಂಟು ಗಂಟೆ ಇಟ್ಟುಕೊಂಡರೆ ಖಾತೆ ಮುಚ್ಚಿದ ಮೇಲೂ ಬಳಕೆದಾರ ಒಳಗೇ ಇರುತ್ತಾನೆ.

ಕವಲು ಆರಿಸುವುದು, ಪ್ರಮಾಣಪತ್ರ

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಲಾಗಿನ್ ಮತ್ತು ಸಿಂಗಲ್ ಸೈನ್ ಆನ್ (ಒಂದೇ ಲಾಗಿನ್‌ನಲ್ಲಿ ಹಲವು ಆ್ಯಪ್) ಇಷ್ಟವಾದರೆ ಒಕ್ಟಾ, ಮೈಕ್ರೊಸಾಫ್ಟ್ ಎಂಟ್ರಾ ಐಡಿ. ಆಡಿಟ್, ಅನುಮತಿ ಪರಿಶೀಲನೆ, ಪಾವತಿ ಸಿದ್ಧಪಡಿಸುವವರೇ ಅದನ್ನು ಮಂಜೂರು ಮಾಡದಂತೆ ತಡೆಯುವ ನಿಯಮಗಳು ಹಿಡಿಸಿದರೆ ಸೇಲ್‌ಪಾಯಿಂಟ್. ಅಡ್ಮಿನ್ ಖಾತೆಗಳ ಕಾವಲಿಗೆ ಸೈಬರ್‌ಆರ್ಕ್. ಕೋಡಿಂಗ್ ಅಷ್ಟು ಒಲಿಯದವರಿಗೆ ಎರಡನೆಯ ಕವಲು, ಅಂದರೆ ಆಡಿಟ್, ಒಳ್ಳೆಯ ಪ್ರವೇಶ ಎಂಬುದು ನಮ್ಮ ಅಭಿಪ್ರಾಯ.

ಪ್ರಮಾಣಪತ್ರಗಳಲ್ಲಿ ಹೊಸಬರಿಗೆ ಮೈಕ್ರೊಸಾಫ್ಟ್‌ನ ಎಸ್‌ಸಿ-900, ನಂತರ ಎಸ್‌ಸಿ-300. ಓದುವ ಟಿಪ್ಪಣಿಯಲ್ಲಿ ‘ಅಜೂರ್ ಎಡಿ’ ಎಂದಿದ್ದರೆ ಅದು ಹಳೆಯದು. 2023ರಲ್ಲಿ ಅದರ ಹೆಸರು ಎಂಟ್ರಾ ಐಡಿ ಆಯಿತು, ಮೆನುಗಳೂ ಸ್ಥಳ ಬದಲಿಸಿವೆ.

ಅರ್ಜಿ ಮತ್ತು ಸಂದರ್ಶನ

ಐಎಎಂ ಅನಲಿಸ್ಟ್, ಆ್ಯಕ್ಸೆಸ್ ಅಡ್ಮಿನಿಸ್ಟ್ರೇಟರ್, ಐಡೆಂಟಿಟಿ ಆಪರೇಷನ್ಸ್ ಎಂಬ ಹೆಸರುಗಳಲ್ಲಿ ಹುಡುಕಿ. ಹೆಲ್ಪ್‌ಡೆಸ್ಕ್‌ನಲ್ಲಿ ಇರುವವರು ಅಲ್ಲಿಂದಲೇ ಶುರು ಮಾಡಬಹುದು: ಪಾಸ್‌ವರ್ಡ್ ರೀಸೆಟ್ ಕೇಳಿದವರು ನಿಜಕ್ಕೂ ಅವರೇ ಎಂದು ಖಚಿತಪಡಿಸಿಕೊಳ್ಳುವ ವಿಧಾನ ಬರೆದುಕೊಡಿ, ಮುಂದಿನ ಅನುಮತಿ ಪರಿಶೀಲನೆಗೆ ನೆರವಾಗುತ್ತೇನೆ ಎಂದು ಕೇಳಿ. ರೆಸ್ಯೂಮೆಯಲ್ಲಿ ಟೂಲ್‌ಗಳ ಪಟ್ಟಿಗಿಂತ ‘ಎಚ್‌ಆರ್ ಕಡತದಿಂದ ಖಾತೆ ತೆರೆದು ಮುಚ್ಚುವ ಸ್ಕ್ರಿಪ್ಟ್, ಸಾಮೂಹಿಕ ನಿಷ್ಕ್ರಿಯತೆಗೆ ತಡೆ ಸಹಿತ’ ಎಂಬ ಒಂದು ಸಾಲು ಹೆಚ್ಚು ತೂಗುತ್ತದೆ.

ಸಂದರ್ಶನದಲ್ಲಿ ಇಂಥದೊಂದು ಪ್ರಶ್ನೆ ನಿರೀಕ್ಷಿಸಿ: ‘ಬಿಟ್ಟುಹೋದ ನೌಕರ ಇನ್ನೂ ಒಂದು ಆ್ಯಪ್ ಬಳಸುತ್ತಿದ್ದಾನೆ. ಎಲ್ಲಿ ನೋಡುತ್ತೀರಿ?’ ಮೊದಲು ತಡೆಯಿರಿ, ಆಮೇಲೆ ಹುಡುಕಿ: ಆ್ಯಪ್‌ನಲ್ಲಿನ ಸೆಶನ್ ರದ್ದು ಮಾಡಿ. ಬಳಿಕ ಕ್ರಮವಾಗಿ ಎಚ್‌ಆರ್ ಕಡತದಲ್ಲಿ ಕೊನೆಯ ದಿನ ನಮೂದಾಗಿದೆಯೇ, ಡೈರೆಕ್ಟರಿ ಖಾತೆ ಮುಚ್ಚಿದೆಯೇ, ಆ್ಯಪ್‌ಗೆ ಸ್ಕಿಮ್ ಸಂದೇಶ ತಲುಪಿದೆಯೇ, ಆ್ಯಪ್‌ನಲ್ಲೇ ಬೇರೆ ಸ್ಥಳೀಯ ಪಾಸ್‌ವರ್ಡ್ ಇದೆಯೇ ಎಂದು ನೋಡಿ. ಕೊನೆಗೆ ಆತ ಸೃಷ್ಟಿಸಿದ ಎಪಿಐ ಕೀ (ಪ್ರೋಗ್ರಾಂಗಳ ಪ್ರವೇಶ ಕೀ), ಸರ್ವಿಸ್ ಖಾತೆ (ಪ್ರೋಗ್ರಾಂಗಳು ಬಳಸುವ ಖಾತೆ), ತಂಡದ ಹಂಚಿಕೆಯ ಪಾಸ್‌ವರ್ಡ್‌ಗಳನ್ನು ಹುಡುಕಿ ಬದಲಿಸಿ.