ನಲವತ್ತು ಖಡಕ್ ರೊಟ್ಟಿ, ಮೂರು ದ್ವೀಪ

ನಮ್ಮ ಮನೆಯಲ್ಲಿ ದ್ವೀಪ ಅಂದರೆ ನಾರದಗಡ್ಡೆ. ಕೃಷ್ಣಾ ನದಿ ದಾಟಿ ಹೋಗಬೇಕು, ಚನ್ನಬಸವೇಶ್ವರನ ದರ್ಶನ ಮಾಡಬೇಕು, ಬುತ್ತಿ ಬಿಚ್ಚಿ ಉಣ್ಣಬೇಕು, ಸಂಜೆಗೆ ರಾಯಚೂರಿಗೆ ವಾಪಸ್. ಹಾಗಾಗಿ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗೋಣ ಅಂತ ನಾನು ಹೇಳಿದಾಗ ಅತ್ತೆ ಕೇಳಿದ್ದು ಒಂದೇ. "ಬುತ್ತಿ ಎಷ್ಟ್ ದಿನದ್ದು ಕಟ್ಟಬೇಕವ್ವಾ?" ಆಗ ನಕ್ಕುಬಿಟ್ಟೆ. ಆಮೇಲೆ ಪ್ಲಾನ್ ಮಾಡಲು ಕೂತಾಗ ಗೊತ್ತಾಯಿತು, ಸರಿಯಾದ ಪ್ರಶ್ನೆ ಅವರೇ ಕೇಳಿದ್ದರು.

ನಾನು ಪ್ರೈಮರಿ ಶಾಲೆ ಟೀಚರ್. ಬಿಸಿಯೂಟದ ಲೆಕ್ಕ ಬರೆದು ಬರೆದು ಏನೇ ಇದ್ದರೂ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುವ ಅಭ್ಯಾಸ. ಇದಕ್ಕೂ ಎಳೆದೆ. ದಿನ, ಎಲ್ಲಿ ಮಲಗೋದು, ಏನು ತಿನ್ನೋದು, ಏನು ಮಾಡೋದು. ನಾವು ನಾಲ್ಕು ಜನ: ನಾನು, ನಮ್ಮ ಯಜಮಾನರು, ಎಂಟನೇ ಕ್ಲಾಸಿನ ಮಗಳು, ಅರವತ್ತೆಂಟರ ಅತ್ತೆ. ಅತ್ತೆ ಶುದ್ಧ ಸಸ್ಯಾಹಾರಿ, ಮೊಣಕಾಲು ನೋವು ಬೇರೆ.

ನಾವು ತಗೊಂಡಿದ್ದು ಲಕ್ಷದ್ವೀಪ ಆಡಳಿತದ ಸಮುದ್ರಂ ಪ್ಯಾಕೇಜ್. ಕೊಚ್ಚಿಯಿಂದ ಹೊರಟು ಐದು ದಿನದಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡಿ ಬರೋದು. ಹಗಲು ದ್ವೀಪದಲ್ಲಿ, ರಾತ್ರಿ ನಿದ್ದೆ ಹಡಗಿನಲ್ಲಿ. ನಾಲ್ಕು ಬರ್ತ್‌ನ ಗೋಲ್ಡ್ ಕ್ಲಾಸ್ ಕ್ಯಾಬಿನ್ ನಮಗೆ ಅಳತೆ ತೆಗೆದು ಹೊಲಿಸಿದಂತಿತ್ತು. ಅಲ್ಲಿಗೆ ಸುಮ್ನೆ ಟಿಕೆಟ್ ತಗೊಂಡು ಹೋಗಲು ಬರುವುದಿಲ್ಲ, ಪರ್ಮಿಟ್ ಬೇಕು. ಅದಕ್ಕೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೊಡಬೇಕಾಯಿತು. ಈ ಕಾಗದದ ಕೆಲಸ ಎರಡು ತಿಂಗಳು ಮುಂಚೆ ಶುರು ಮಾಡಿದ್ದೆ, ಒಳ್ಳೇದೇ ಆಯಿತು. ಸೀಸನ್ ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ. ಸಮುದ್ರ ಶಾಂತ ಇರಲಿ ಅಂತ ಜನವರಿ ಕೊನೆ ವಾರ ಆರಿಸಿಕೊಂಡೆ.

ಹಡಗಿನೊಳಗಿನ ಊಟ, ಹಾಸಿಗೆ ನಮ್ಮ ತಲೆನೋವಲ್ಲ. ಅದು ಪ್ಯಾಕೇಜಿನವರದ್ದು. ತಲೆ ಕೆಡಿಸಿಕೊಳ್ಳಬೇಕಾದ್ದು ಹಡಗಿನ ಆಚೆಗಿನದ್ದು: ಹತ್ತುವ ಮುಂಚಿನ ರಾತ್ರಿ, ಇಳಿದ ಮೇಲಿನ ರಾತ್ರಿ, ಹಡಗಿಂದ ದಡಕ್ಕೆ ಹೋಗಿ ಬರುವ ದಾರಿ. ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ತಪ್ಪು ಆದದ್ದೂ ಅಲ್ಲೇ.

ಪುಣೆ–ಕನ್ಯಾಕುಮಾರಿ ರೈಲು ರಾಯಚೂರಿನ ಮೇಲೇ ಹೋಗುತ್ತದೆ. ಗಾಡಿ ಬದಲಿಸದೆ ಎರ್ನಾಕುಲಂನಲ್ಲಿ ಇಳಿಯಬಹುದು. ನಾವು ಬೆಳಿಗ್ಗೆ ಇಳಿದೆವು. ಲಾಡ್ಜ್ ಬುಕ್ ಆಗಿದ್ದದ್ದು ಆ ದಿನ ಮಧ್ಯಾಹ್ನ 12ರಿಂದ! ತಾರೀಖು ನೋಡಿದ್ದೆ, ಗಂಟೆ ನೋಡಿರಲಿಲ್ಲ. ರಿಸೆಪ್ಷನ್ ಎದುರಿನ ಸೋಫಾದಲ್ಲಿ ಅತ್ತೆ ಕಾಲು ಚಾಚಿ ಕೂತರು. ಯಾರೂ ಬೈಯಲಿಲ್ಲ, ಅದೇ ಜಾಸ್ತಿ ಬೇಜಾರು. ಬೆಳಗ್ಗೆ ಇಳಿಯುವವರು ಹಿಂದಿನ ರಾತ್ರಿಯಿಂದಲೇ ರೂಮ್ ಹಿಡಿಯಿರಿ. ಒಂದು ದಿನದ ಬಾಡಿಗೆ ಜಾಸ್ತಿ ಆದರೂ ಪರವಾಗಿಲ್ಲ. ಲಿಫ್ಟ್ ಇದೆಯಾ ಅಂತ ಫೋನ್ ಮಾಡಿ ಕೇಳಿ. ಅದೊಂದು ಮಾತ್ರ ನಾನು ಕೇಳಿದ್ದೆ.

ಆ ದಿನ ಮಧ್ಯಾಹ್ನ ಹೈಕೋರ್ಟ್ ಕಡೆಯಿಂದ ವಾಟರ್ ಮೆಟ್ರೋದಲ್ಲಿ ಫೋರ್ಟ್ ಕೊಚ್ಚಿಗೆ ಹೋದೆವು. ಅಲ್ಲಿನ ಚೀನಾ ಮೀನುಬಲೆ ನೋಡೋದು ಒಂದು ನೆಪ. ಅತ್ತೆಗೆ ದೋಣಿ ಹತ್ತಿ ಇಳಿದು ಪ್ರಾಕ್ಟೀಸ್ ಆಗಲಿ ಅನ್ನೋದು ನನ್ನ ಲೆಕ್ಕ. ಎಸಿ ಬೋಟು, ಹತ್ತುವ ಕಡೆ ಒಂದು ಮೆಟ್ಟಿಲೂ ಇಲ್ಲ. ಪ್ರಾಕ್ಟೀಸ್ ಏನೂ ಆಗಲಿಲ್ಲ.

ಇನ್ನು ಬುತ್ತಿ. ದ್ವೀಪಗಳಲ್ಲಿ ಇರೋದು ತೆಂಗು, ಸಮುದ್ರದಲ್ಲಿ ಸಿಗೋದು ಟ್ಯೂನಾ ಮೀನು. ತರಕಾರಿ ಬಹುಪಾಲು ದಡದಿಂದ ಹಡಗಿನಲ್ಲೇ ಬರಬೇಕು. ಹಾಗಾಗಿ ಬುಕ್ ಮಾಡುವಾಗಲೇ "ವೆಜ್ ಅಂದರೆ ಮೀನೂ ಇಲ್ಲ, ಮೊಟ್ಟೆನೂ ಇಲ್ಲ" ಅಂತ ಬಿಡಿಸಿ ಹೇಳಿದ್ದೆ. ಅನ್ನ, ಸಾರು, ಪಲ್ಯಕ್ಕೆ ಕೊರತೆ ಆಗಲಿಲ್ಲ. ಆದರೆ ಸಿಂಧನೂರಿನ ಸೋನಾ ಮಸೂರಿ ಉಂಡ ಬಾಯಿಗೆ ದಪ್ಪ ಅಕ್ಕಿ, ಕೊಬ್ಬರಿ ಎಣ್ಣೆ ಒಗ್ಗರಣೆ ದಿನಾ ಹಿಡಿಸಲ್ಲ, ಅಲ್ವಾ? ಅದಕ್ಕೇ ನಲವತ್ತು ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಹಿಂಡಿ, ಒಗ್ಗರಣೆ ಹಾಕಿದ ಮಂಡಾಳು.

ನಮ್ಮೂರಲ್ಲಿ ಖಡಕ್ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ವಾರಗಟ್ಟಲೆ ಕಟಕಟ ಅನ್ನುತ್ತದೆ. ಅದನ್ನೇ ನಂಬಿ ಬಟ್ಟೆಯಲ್ಲಿ ಸುತ್ತಿದ್ದೆ. ಎರಡನೇ ದಿನ ಬೆಳಿಗ್ಗೆ ಬಿಚ್ಚಿ ಮುರಿಯಲು ಹೋದರೆ ರೊಟ್ಟಿ ಬಗ್ಗಿತು. ಮುರಿಯಲೇ ಇಲ್ಲ. ಹಳೇ ಚಪ್ಪಲಿ ಅಟ್ಟೆ ಥರ ಮಡಚಿಕೊಂಡಿತು. ಸಮುದ್ರದ ಗಾಳಿಯ ತೇವ ಬಟ್ಟೆ ತಡೆಯುತ್ತಾ? ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ಒಯ್ಯಬೇಕಿತ್ತು. ಡಬ್ಬಿಯಲ್ಲಿದ್ದ ಚಟ್ನಿಪುಡಿಗೆ ಏನೂ ಆಗಿರಲಿಲ್ಲ.

ಮೊದಲ ರಾತ್ರಿ ಊಟ ಹಗುರ ಇರಲಿ. ಅತ್ತೆ ಮೊಸರನ್ನ, ಉಪ್ಪಿನಕಾಯಿ ಉಂಡು ಮಲಗಿದರು. ಡಾಕ್ಟರ್ ಬರೆದುಕೊಟ್ಟ ವಾಂತಿ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಿದ್ದರು. ನಮ್ಮ ಯಜಮಾನರು "ನನಗೇನಾಗುತ್ತೆ" ಅಂತ ಮಾತ್ರೆ ಬಿಟ್ಟು ಪರೋಟಾ ಹೊಡೆದರು. ಮಧ್ಯರಾತ್ರಿ ಮೇಲೆ ಅವರ ಕಥೆ ಬರೆಯೋದು ಬೇಡ. ಬೆಳಿಗ್ಗೆ ಡೆಕ್ಕಿನ ನಡುಭಾಗದಲ್ಲಿ, ತೂಗಾಟ ಕಡಿಮೆ ಇರುವ ಕಡೆ ಕೂಡಿಸಿ, ದೂರದ ನೀರಿನ ಗೆರೆ ನೋಡುತ್ತಿರಿ ಅಂದೆ. ಸ್ವಲ್ಪ ಸುಧಾರಿಸಿದರು.

ಕಲ್ಪೇನಿಯಲ್ಲಿ ನಮ್ಮ ಹಡಗು ಹವಳದ ದಿಬ್ಬದ ಆಚೆ ಆಳ ನೀರಿನಲ್ಲೇ ನಿಂತಿತು. ಪಕ್ಕಕ್ಕೆ ಸಣ್ಣ ಬೋಟು ಬಂತು. ಹಡಗಿನ ಹೊಟ್ಟೆಯಲ್ಲಿ ಒಂದು ಬಾಗಿಲು, ಅಲ್ಲಿಂದ ಬೋಟಿಗೆ ಕಾಲಿಡಬೇಕು. ಬೋಟು ಒಂದು ಸಲ ಬಾಗಿಲ ಮಟ್ಟಕ್ಕೆ ಏಳುತ್ತದೆ, ಮರುಕ್ಷಣ ಮೊಣಕಾಲುದ್ದ ಕೆಳಗಿಳಿಯುತ್ತದೆ. ಅತ್ತೆ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ, ನೆರಿಗೆ ಎತ್ತಿ ಹಿಡಿದರು. ಸಿಬ್ಬಂದಿ ಇಬ್ಬರು ಎರಡೂ ರಟ್ಟೆ ಹಿಡಿದು ಕಾದರು. ಎರಡು ಅಲೆ ಬಿಟ್ಟರು. ಮೂರನೆಯದು ಎದ್ದಾಗ ಮಲಯಾಳದಲ್ಲಿ ಏನೋ ಕೂಗಿದರು, ಅಷ್ಟರಲ್ಲಿ ಅತ್ತೆ ಬೋಟಿನಲ್ಲಿದ್ದರು. ಕೂತ ಮೇಲೆ ಮಗನ ಕಡೆ ತಿರುಗಿ, "ನಾರದಗಡ್ಡಿ ದೋಣಿನ ಚಲೋ ಇತ್ತಲ್ಲೋ ತಮ್ಮಾ" ಅಂದರು. ವಯಸ್ಸಾದವರಿದ್ದರೆ ಎರಡೂ ಕೈ ಖಾಲಿ ಇರಬೇಕು. ಬ್ಯಾಗು ಬೆನ್ನಿಗೆ, ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ. ಚೂಡಿದಾರ್ ಇನ್ನೂ ಒಳ್ಳೇದು. ಆದರೆ ಅತ್ತೆಗೆ ಯಾರು ಹೇಳುತ್ತಾರೆ?

ಇದನ್ನು ನೋಡಿದ ಮೇಲೆ ನನ್ನ ಪಟ್ಟಿಯ ಅರ್ಧ ಹೊಡೆದು ಹಾಕಿದೆ. ಒಂದು ದ್ವೀಪಕ್ಕೆ ಒಂದೇ ದೊಡ್ಡ ಕೆಲಸ. ಕಲ್ಪೇನಿಯಲ್ಲಿ ಮಗಳಿಗೆ ಸ್ನಾರ್ಕಲಿಂಗ್ (ಉಸಿರಾಟದ ಕೊಳವೆ ಕಚ್ಚಿ ಮುಖ ನೀರೊಳಗಿಟ್ಟು ಈಜೋದು), ಮಧ್ಯಾಹ್ನದ ಊಟಕ್ಕಿಂತ ಮೊದಲೇ. ಹೊಟ್ಟೆ ತುಂಬಿದ ಮೇಲೆ ನೀರಿಗಿಳಿದರೆ ಕಷ್ಟ. ಈಜುಡುಗೆ ನೀರಿನಲ್ಲಿ ಮಾತ್ರ, ಊರೊಳಗೆ ಮೈ ತುಂಬ ಬಟ್ಟೆ. ದಡದಲ್ಲಿ ಅವಳು ಬಿಳಿ ಹವಳದ ತುಂಡು ಹೆಕ್ಕಿ ಜೇಬಿಗೆ ಹಾಕಿದ್ದಳು. ತೆಗೆಸಿ ಅಲ್ಲೇ ಇಡಿಸಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೂ ಹುಲಿಯಷ್ಟೇ ರಕ್ಷಣೆ ಇದೆ.

ಕವರತ್ತಿಯಲ್ಲಿ ಗಾಜಿನ ತಳದ ಬೋಟು, ಅದು ಅತ್ತೆಗಾಗಿ. ಅರ್ಧ ಗಂಟೆ ಅವರು ತಲೆ ಎತ್ತಲಿಲ್ಲ. ಊಟಕ್ಕೆ ಕೂತಾಗ, "ಸುತ್ತ ಉಪ್ಪು ನೀರು, ಕುಡಿಯಾಕ ಸಿಹಿ ನೀರು ಎಲ್ಲಿಂದ ಬರ್ತಾವ?" ಅಂತ ಕೇಳಿದರು. ಯಜಮಾನರು ಶಕ್ತಿನಗರದ ಥರ್ಮಲ್ ಪ್ಲಾಂಟಿನವರು, ಮೊದಲ ರಾತ್ರಿ ಹೋದ ಮಾನ ವಾಪಸ್ ಪಡೆಯಲು ಒಳ್ಳೆ ಅವಕಾಶ ಸಿಕ್ಕಿತು. ಇಲ್ಲಿ 2005ರಿಂದ ಒಂದು ಘಟಕ ಇದೆ ಅಂದರು. ಗಾಳಿಯ ಒತ್ತಡ ತೀರಾ ಕಡಿಮೆ ಮಾಡಿದರೆ ಮೇಲಿನ ಬೆಚ್ಚಗಿನ ಸಮುದ್ರದ ನೀರು ಹಾಗೇ ಆವಿಯಾಗುತ್ತದಂತೆ. ಆಳದಿಂದ ಎತ್ತಿದ ತಣ್ಣನೆ ನೀರು ಆ ಆವಿಯನ್ನು ಮತ್ತೆ ನೀರು ಮಾಡುತ್ತದೆ. ದಿನಕ್ಕೆ ಒಂದು ಲಕ್ಷ ಲೀಟರ್ ಅದರ ಸಾಮರ್ಥ್ಯ. "ನಮ್ಮ ಪ್ಲಾಂಟಿನ ಕಂಡೆನ್ಸರ್ ಇದ್ದಂಗ" ಅಂತ ಮುಗಿಸಿದರು. ಅತ್ತೆ ಇನ್ನೊಂದು ಲೋಟ ನೀರು ಕುಡಿದರು.

ಮಿನಿಕಾಯ್ ಬೇರೆಯದೇ ಲೋಕ. ಮಾತು ಮಲಯಾಳವಲ್ಲ, ಮಾಲ್ಡೀವ್ಸ್ ಕಡೆಯ ಮಹಲ್ ಭಾಷೆ. 1885ರ ಲೈಟ್‌ಹೌಸ್ ನಾನು, ಮಗಳು ಹತ್ತಿದೆವು. ಅತ್ತೆ ಕೆಳಗೆ ತೆಂಗಿನ ನೆರಳಲ್ಲಿ ಎಳನೀರು ಕುಡಿಯುತ್ತ ಕೂತರು. ಮೇಲಿಂದ ನೋಡಿದರೆ ಹಸಿರು ಸೀರೆಯ ಒಂದು ಚುಕ್ಕೆ.

ಕೊಚ್ಚಿಗೆ ವಾಪಸಾದ ದಿನವೇ ರೈಲು ಹಿಡಿಯಬೇಡಿ. ಸಮುದ್ರದ ಟೈಮ್ ನಮ್ಮ ಕೈಯಲ್ಲಿ ಇರೋದಿಲ್ಲ. ನಾನು ಒಂದು ರಾತ್ರಿ ಖಾಲಿ ಬಿಟ್ಟಿದ್ದೆ. ಹಡಗೇನೋ ಹೊತ್ತಿಗೆ ಬಂತು, ನಮಗೇ ನೆಲ ತೂಗುತ್ತಿತ್ತು. ಲಾಡ್ಜಿನಲ್ಲಿ ಹಲ್ಲುಜ್ಜುವಾಗ ಸಿಂಕ್ ಹಿಡಿದುಕೊಂಡೇ ನಿಂತಿದ್ದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಹೋದ ರೊಟ್ಟಿ ನಲವತ್ತು, ಬಂದವು ಹನ್ನೊಂದು. ನಾನು ದನಕ್ಕೆ ಹಾಕೋಣ ಅಂದೆ. ಅತ್ತೆ ಮಾತಾಡದೆ ಮಾಳಿಗೆಗೆ ಒಯ್ದು ಬಟ್ಟೆ ಹಾಸಿ ಹರವಿದರು. ರಾಯಚೂರಿನ ಬಿಸಿಲು, ಕೇಳಬೇಕಾ? ಮಧ್ಯಾಹ್ನ ಊಟಕ್ಕೆ ಕೂತಾಗ ಒಂದನ್ನು ಎತ್ತಿ ನನ್ನ ಕಿವಿ ಹತ್ತಿರ ಮುರಿದರು. ಕಟಕ್ ಅಂತು.