ಫರ್ಸಿ ಖಣಿಯ ಊರಿಗೆ ಇತಿಹಾಸ ಬರೆಯಲು ಹೋಗಿ

ನಮ್ಮೂರಲ್ಲಿ ಮನೆಯ ನೆಲ ಫರ್ಸಿ, ಅಂಗಳದ ಕಟ್ಟೆ ಫರ್ಸಿ, ದನದ ಗೋದಲಿಯೂ ಫರ್ಸಿ. ಹೊಲದ ಬೇಲಿ ಅಂದರೆ ಸಾಲಾಗಿ ನಿಲ್ಲಿಸಿದ ಫರ್ಸಿ. ಈ ಹಾಸುಗಲ್ಲಿಗೆ ಹೊರಗಿನವರು ಶಹಾಬಾದ್ ಕಲ್ಲು ಅನ್ನುತ್ತಾರೆ. ಕಲಬುರಗಿ ಜಿಲ್ಲೆಯ ಕಾಗಿಣಾ ಹೊಳೆಯ ಆಸುಪಾಸಿನ ನಾವು ಯಾರೂ ಹಾಗನ್ನುವುದಿಲ್ಲ.

ಊರ ಬಗ್ಗೆ ಒಂದು ಸಣ್ಣ ಪುಸ್ತಿಕೆ ಮಾಡಿ ಜಾತ್ರೆಯಲ್ಲಿ ಹಂಚಬೇಕು ಅಂತ ಹಿರಿಯರು ಮಾತಾಡಿದಾಗ ನಾನು ಸುಮ್ನೆ ಕೂತಿದ್ದರೆ ಆಗುತ್ತಿತ್ತು. "ನಾ ಬರೀತೀನಿ" ಅಂದುಬಿಟ್ಟೆ. ನಾನು ಇತಿಹಾಸ ಓದಿದವನಲ್ಲ. ಇಪ್ಪತ್ತು ವರ್ಷ ಖಣಿಯಲ್ಲಿ ಬ್ರಾಸ್ ಲೆಕ್ಕ ಬರೆದವನು. ನೂರು ಚದರಡಿ ಕಲ್ಲಿಗೆ ಒಂದು ಬ್ರಾಸ್. ಅಷ್ಟೇ ನನ್ನ ವಿದ್ಯೆ.

ಮೊದಲ ಎರಡು ತಿಂಗಳು ಪೂರ್ತಿ ದಂಡ ಆಯಿತು. ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋಗಿ "ನಮ್ಮೂರ ಖಣಿ ಯಾವಾಗ ಶುರುವಾಯ್ತು ರೀ?" ಅಂತ ಕೇಳುತ್ತಿದ್ದೆ. "ಭಾಳ ವರ್ಷ ಆತು ತಮ್ಮಾ" ಅನ್ನೋರು. ಚಹಾ ಕೊಡೋರು. ಮುಗಿತು. ಅಲ್ಲ, ಯಾರಾದರೂ ಇಸವಿ ಲೆಕ್ಕದಲ್ಲಿ ಬದುಕುತ್ತಾರಾ? ಆಮೇಲೆ ಬುದ್ಧಿ ಬಂತು. ಒಂದು ರಟ್ಟಿನ ಮೇಲೆ ಎಲ್ಲರಿಗೂ ನೆನಪಿರುವ ಗುರುತುಗಳನ್ನು ಬರೆದುಕೊಂಡೆ: ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರ ಪೊಲೀಸ್ ಆ್ಯಕ್ಷನ್, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದು, 1972ರ ಬರಗಾಲ, 1984ರಲ್ಲಿ ಇಂದಿರಾಗಾಂಧಿ ತೀರಿಕೊಂಡಿದ್ದು. "ಬರ ಬಿದ್ದಾಗ ಖಣಿಯಾಗ ಕೂಲಿ ಎಷ್ಟಿತ್ತು?" ಅಂತ ಕೇಳಿದೆ ನೋಡಿ, ಹೆಣ್ಣುಮಕ್ಕಳು ಮೊದಲು ಬಾಯಿ ಬಿಟ್ಟರು. ಕಲ್ಲು ಎಬ್ಬಿಸಿದ ಗಂಡಸರ ಹೆಸರು ಊರಿಗೆಲ್ಲ ಗೊತ್ತು. ಒಡೆದ ಚೂರು ಬುಟ್ಟಿಯಲ್ಲಿ ಹೊತ್ತು ಮೇಲೆ ಹಾಕಿದವರು ಯಾರು ಅಂತ ಅದುವರೆಗೆ ನಾನೂ ಕೇಳಿರಲಿಲ್ಲ. ಊರ ಹೊರಗಿನ ಆ ಚೂರಿನ ಗುಡ್ಡಗಳು ಪೂರ್ತಿ ಅವರ ತಲೆಯ ಮೇಲಿಂದ ಬಂದವು.

ಒಬ್ಬ ಕಾಕಾ ಮಾತ್ರ ಏನು ಕೇಳಿದರೂ ಬರೀ "ಹೂಂ" ಅನ್ನುತ್ತಿದ್ದ. ವಯಸ್ಸು ಎಂಬತ್ತರ ಮೇಲೆ. ಒಂದು ಬೆಳಿಗ್ಗೆ ಬೈಕಿನ ಹಿಂದೆ ಕೂರಿಸಿಕೊಂಡು ಬಿಟ್ಟ ಖಣಿಗೆ ಕರೆದೊಯ್ದೆ. ಸುತ್ತಿಗೆ, ಉಳಿ, ಹಾರೆ ಜೊತೆಗಿತ್ತು. ಅರ್ಧ ಖಣಿಯಲ್ಲಿ ಮಳೆ ನೀರು ನಿಂತಿತ್ತು. ಅವನು ಒಣ ಕಡೆ ಇಳಿದು, ಕುಕ್ಕರಗಾಲಲ್ಲಿ ಕೂತು, ಸುತ್ತಿಗೆಯಿಂದ ಕಲ್ಲಿನ ಮೇಲೆ ಅಲ್ಲಲ್ಲಿ ಮೆಲ್ಲಗೆ ಬಡಿದ. ಒಂದು ಕಡೆ ಠಣ್ ಅಂತು. ಇನ್ನೊಂದು ಕಡೆ ಬದ್ ಅಂತು. "ಇದು ಸುಳ್ಳು ಕಲ್ಲು. ಒಳಗ ಬಿಟ್ಟದ" ಅಂದ. ಠಣ್ ಅಂದಲ್ಲಿ ಉಳಿಯಿಂದ ಗೆರೆ ಕೊರೆದ. ಅದೇ ಗೆರೆ ಮೇಲೆ ಮತ್ತೆ ಮತ್ತೆ, ಒಂದೇ ಹದದ ಏಟು. ಆಮೇಲೆ ಪದರದ ಸಂದಿಗೆ ಹಾರೆ ತೂರಿಸಿ ನನಗೆ "ಒತ್ತು" ಅಂದ. ಒತ್ತಿದೆ. ಹೋಳಿಗೆ ಎಬ್ಬಿಸಿದ ಹಾಗೆ ಒಂದು ಹಾಳೆ ಎದ್ದು ಬಂತು. ನಮ್ಮ ಕಲ್ಲಿನ ಗುಣವೇ ಅದು. ಸುಣ್ಣದ ಕಲ್ಲು, ಪದರ ಪದರವಾಗಿ ಕೂತಿರುತ್ತದೆ. ಮದ್ದು ಇಟ್ಟು ಸಿಡಿಸಿದರೆ ಹಾಳೆಗಳೆಲ್ಲ ಚೂರು.

ಅಷ್ಟಾದ ಮೇಲೆ ಕಾಕಾನ ಬಾಯಿ ನಿಲ್ಲಲಿಲ್ಲ. ಎಡಗೈ ತೋರುಬೆರಳಿನ ತುದಿ ಹೋದದ್ದು, ಅವತ್ತಿನ ಕೂಲಿ ಗುತ್ತೇದಾರ ಕೊಡದೇ ಇದ್ದದ್ದು, ಬಂಡಿಯಲ್ಲಿ ಕಲ್ಲು ಸ್ಟೇಷನ್‌ಗೆ ಹೋಗುತ್ತಿದ್ದದ್ದು, ಬೇಸಿಗೆಯಲ್ಲಿ ಬೆಳಗಿನ ನಾಲ್ಕಕ್ಕೇ ಇಳಿದು ಹತ್ತರೊಳಗೆ ಹತ್ತುತ್ತಿದ್ದದ್ದು. ಕಲಬುರಗಿ ಬಿಸಿಲಿನಲ್ಲಿ ಮಧ್ಯಾಹ್ನ ಖಣಿಯ ತಳದಲ್ಲಿ ನಿಂತು ನೋಡಿ, ಯಾಕೆ ಅಂತ ಗೊತ್ತಾಗುತ್ತದೆ. ನಾನು ಬರೆಯುವುದನ್ನು ಬಿಟ್ಟು ಮೊಬೈಲ್‌ನಲ್ಲಿ ರೆಕಾರ್ಡ್ ಹಾಕಿದೆ. ಸುತ್ತಿಗೆಯ ಸದ್ದಿಗೆ ಅರ್ಧ ಮಾತು ಕೇಳಿಸುವುದಿಲ್ಲ, ಆದರೂ ಅದೇ ನನ್ನ ಹತ್ತಿರ ಇರುವ ಒಳ್ಳೆಯ ರೆಕಾರ್ಡಿಂಗ್.

ಇನ್ನು ಕಾಗದದ ಕಥೆ. ಹಳೆಯ ಗುತ್ತೇದಾರರೊಬ್ಬರ ಮನೆಯ ಟ್ರಂಕಿನಲ್ಲಿ ಒಂದು ಲೆಕ್ಕದ ಪುಸ್ತಕ ಸಿಕ್ಕಿತು. ನಿಜಾಮರ ಕಾಲದ್ದು, ಪೂರ್ತಿ ಉರ್ದು. ಅಂಕಿ ಮಾತ್ರ ಹೇಗೋ ಓದಲು ಕಲಿತೆ. ಮೇಲೆ 1340 ಅಂತಿತ್ತು. ಉರ್ದು ಅಂದಮೇಲೆ ಮುಸ್ಲಿಮರ ಹಿಜರಿ ವರ್ಷ ಅಂದುಕೊಂಡು ಲೆಕ್ಕ ಹಾಕಿದೆ: 1921-22. ಕೂಲಿಯವರ ಪಟ್ಟಿಯಲ್ಲಿ ನಮ್ಮ ಮುತ್ಯಾನ ಹೆಸರೂ ಇತ್ತು. ಆಗ ಅವನಿಗೆ ಆರು ವರ್ಷ! ಹಾಲುಗಲ್ಲದ ಮಗು ಕಲ್ಲು ಹೊರುತ್ತಿತ್ತು ಅಂತ ಕಣ್ಣೀರು ಬರುವ ಹಾಗೆ ಒಂದು ಪುಟ ಬರೆದೆ. ಓದಿದ ನನ್ನ ಹೆಂಡತಿ ಅತ್ತೇಬಿಟ್ಟಳು.

ಪುಸ್ತಕ ಪೂರ್ತಿ ಓದಿಸಿಕೊಳ್ಳಲು ನಿವೃತ್ತ ಉರ್ದು ಮಾಸ್ತರರ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ, "ಇದು ಹಿಜರಿ ಅಂತ ನಿಮಗ ಯಾರು ಹೇಳಿದ್ರು? ತಿಂಗಳ ಹೆಸರು ನೋಡ್ರಿ, ಬಹಮನ್ ಅಂತ ಅದ. ಹಿಜರಿಯಾಗ ಬಹಮನ್ ಎಲ್ಲಿ ಬರ್ತದ?" ಅಂದರು. ಅದು ಫಸಲಿ ವರ್ಷ. ಹೈದರಾಬಾದ್ ಸಂಸ್ಥಾನದ ಕಚೇರಿ ಲೆಕ್ಕವೆಲ್ಲ ಫಸಲಿಯಲ್ಲೇ. ಅದಕ್ಕೆ 590 ಕೂಡಿಸಬೇಕು. ಅಂದರೆ 1930. ಮುತ್ಯಾನಿಗೆ ಆಗ ಹದಿನೈದು, ಮೀಸೆ ಮೂಡುವ ವಯಸ್ಸು. ನನ್ನ ಕಣ್ಣೀರಿನ ಪುಟ ಹರಿದು ಹಾಕಿದೆ.

ಅದೇ ಪುಸ್ತಕದಲ್ಲಿ ಇನ್ನೊಂದು ಸಿಕ್ಕಿತು. ಕೂಲಿ ಕೊಟ್ಟದ್ದು ಹಾಲಿ ಸಿಕ್ಕಾದಲ್ಲಿ, ಅಂದರೆ ನಿಜಾಮರ ರೂಪಾಯಿಯಲ್ಲಿ. ಮುಂಬೈ ಕಡೆ ಕಲ್ಲು ಮಾರಿದ ಹಣ ಬಂದದ್ದು ಬ್ರಿಟಿಷರ ಕಲ್ದಾರ್ ರೂಪಾಯಿಯಲ್ಲಿ. ಸುಮಾರು ಏಳು ಹಾಲಿಗೆ ಆರು ಕಲ್ದಾರ್. ಲೆಕ್ಕ ಬರೆಯುವವನಿಗೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ. ಎರಡನ್ನೂ ಒಂದೇ ರೂಪಾಯಿ ಅಂತ ಕೂಡಿಸಿದರೆ ಪುಸ್ತಕದ ಮೊತ್ತ ಕೂಡುವುದೇ ಇಲ್ಲ. ಒಂದು ವಾರ ನಾನು ಅದೇ ತಪ್ಪು ಮಾಡುತ್ತಿದ್ದೆ.

ಕಲ್ಲು ಅಷ್ಟು ದೂರ ಹೋಗಿದ್ದು ರೈಲಿನಿಂದ. ಸೊಲ್ಲಾಪುರದಿಂದ ರಾಯಚೂರಿಗೆ 1871ರಲ್ಲಿ ಹಳಿ ಬಂತು, ವಾಡಿಯಿಂದ ಹೈದರಾಬಾದ್‌ಗೆ 1874ರಲ್ಲಿ. ಅದಕ್ಕೂ ಮುಂಚೆ ಫರ್ಸಿ ಬಂಡಿ ಹೋದಷ್ಟು ದೂರ ಹೋಗುತ್ತಿತ್ತು, ಅಷ್ಟೇ. ಶಹಾಬಾದ್‌ನಲ್ಲಿ ಸಿಮೆಂಟ್ ಕಂಪನಿ ಬಂದದ್ದೂ ಇದೇ ಸುಣ್ಣದ ಕಲ್ಲಿಗೆ. 1936ರಲ್ಲಿ ಹತ್ತು ಕಂಪನಿ ಸೇರಿ ಎಸಿಸಿ ಆಯಿತಲ್ಲ, ಅದರಲ್ಲಿ ಅದೂ ಒಂದು. ಊರ ಕೆಲವರು ಖಣಿ ಬಿಟ್ಟು ಅಲ್ಲಿಗೆ ಹೋದರು. ತಿಂಗಳಿಗೆ ಪಗಾರ, ಮೇಲೆ ತಗಡಿನ ನೆರಳು. ಯಾರು ಬೇಡ ಅಂತಾರೆ?

ಜಗಳ ಆದದ್ದು ಮಳಖೇಡದ ಮೇಲೆ. ಅದು ನಮಗೆ ದೂರವಲ್ಲ, ರಾಷ್ಟ್ರಕೂಟರ ರಾಜಧಾನಿ. "ಅಮೋಘವರ್ಷನ ಅರಮನೆಗೆ ನಮ್ಮೂರ ಕಲ್ಲೇ ಹೋಗಿದ್ದು ಅಂತ ಬರಿ" ಅಂದರು ಹಿರಿಯರು. ಆಧಾರ ಎಲ್ಲಿದೆ ಅಂತ ಕೇಳಿದೆ. "ಬರದ್ರ ನಿಂದೇನ್ ಹೋಗ್ತದ?" ಅಂದರು. ಬರೆಯಲಿಲ್ಲ. ಬದಲಿಗೆ ಸನ್ನತಿ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪದ ವಿಷಯ ಹಾಕಿದೆ. ಅಲ್ಲಿ ಅಶೋಕನ ಹೆಸರು ಕೆತ್ತಿದ ಅವನದೇ ಶಿಲ್ಪ ಇದೆ. ಆ ಹಲಗೆಗಳೂ ಸುಣ್ಣದ ಕಲ್ಲಿನವು. ನಮ್ಮೂರಿಂದ ಹೋದವು ಅಂತ ನಾನು ಅನ್ನಲಿಲ್ಲ. ಈ ಸೀಮೆಯ ಜನ ಎರಡು ಸಾವಿರ ವರ್ಷದ ಹಿಂದೆಯೇ ಇಂಥ ಕಲ್ಲಿಗೆ ಉಳಿ ಹಚ್ಚಿದ್ದರು ಅಂತ ಅಷ್ಟೇ ಬರೆದೆ. ಅದಕ್ಕೂ ಒಬ್ಬರು ನನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದರು.

ಈಗಿನ ಕಾಲದ ಬಗ್ಗೆ ಮೂರೇ ಪುಟ. ಕೊರೆಯುವ ಮಷೀನು ಬಂತು, ಆಮೇಲೆ ಮನೆಗಳಿಗೆ ಟೈಲ್ಸ್ ಬಂತು, ಗ್ರಾನೈಟ್ ಬಂತು. ಊರಲ್ಲಿ ಹೊಸ ಮನೆ ಕಟ್ಟುವವರೇ ಫರ್ಸಿ ಬೇಡ ಅನ್ನುತ್ತಾರೆ.

ಪುಸ್ತಿಕೆ ಅಚ್ಚಾದ ದಿನ ಮೊದಲ ಪ್ರತಿ ಕಾಕಾನಿಗೆ ಕೊಟ್ಟೆ. ಓದಲು ಬಾರದು, ನಾನೇ ಓದಿ ಹೇಳಿದೆ. ಖಣಿಯಲ್ಲಿ ಎರಡು ಇಂಚಿನ ಹಾಳೆ ಎಬ್ಬಿಸಿದ ಅಂತ ಇರುವಲ್ಲಿ ಕೈ ಅಡ್ಡ ಹಿಡಿದ. "ಎರಡು ಅಲ್ಲೋ ತಮ್ಮಾ. ಒಂದೂವರೆ." ಆ ಹಾಳೆ ಇನ್ನೂ ನಮ್ಮ ಮನೆ ಅಂಗಳದಲ್ಲೇ ಇತ್ತು. ಟೇಪು ಹಿಡಿದು ಅಳೆದೆ, ಒಂದೂವರೆಯೇ. ಇನ್ನೂರು ಪ್ರತಿಯಲ್ಲೂ ಪೆನ್ನಿಂದ ತಿದ್ದಿ ಕೊಟ್ಟೆ.