ಉತ್ತರದ ತುದಿಗೆ ಎಷ್ಟು ದೂರ, ಎಷ್ಟು ಹೊತ್ತು? ಫೋನಿನಲ್ಲೇ ಲೆಕ್ಕ ಹಾಕಿ

ಗೋಡೆಯ ಮೇಲಿನ ಭೂಪಟ ನಂಬಿಕೊಂಡು ಉತ್ತರ ಧ್ರುವದ ಕಡೆಯ ದೂರ ಅಳೆಯಲು ಹೋದರೆ ಲೆಕ್ಕ ತಪ್ಪುವುದು ಗ್ಯಾರಂಟಿ. ಸಾಮಾನ್ಯವಾಗಿ ಸಿಗುವ ಭೂಪಟಗಳಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜಕ್ಕೂ ಆಫ್ರಿಕಾ ಅದರ ಸುಮಾರು 14 ಪಟ್ಟು ದೊಡ್ಡದು!

ನಾರ್ವೆಯ ಟ್ರೋಮ್ಸೊದಿಂದ ಸ್ವಾಲ್ಬಾರ್ಡ್ ದ್ವೀಪಗಳ ಲಾಂಗ್‌ಇಯರ್‌ಬೆನ್‌ಗೆ ವಿಮಾನದಲ್ಲಿ ಹೋಗಬೇಕು ಅಂದುಕೊಳ್ಳಿ. ಮೊದಲು ಫೋನಿನ ಮ್ಯಾಪ್‌ನಲ್ಲಿ ಎರಡೂ ವಿಮಾನ ನಿಲ್ದಾಣಗಳ ಮೇಲೆ ಬೆರಳಿಟ್ಟು ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಟ್ರೋಮ್ಸೊ: 69.68 ಉತ್ತರ, 18.92 ಪೂರ್ವ. ಲಾಂಗ್‌ಇಯರ್‌ಬೆನ್: 78.25 ಉತ್ತರ, 15.47 ಪೂರ್ವ.

ಅಕ್ಷಾಂಶದ ಲೆಕ್ಕ ಸುಲಭ. ವ್ಯತ್ಯಾಸ 8.57 ಡಿಗ್ರಿ. ಒಂದು ಡಿಗ್ರಿಗೆ ಎಲ್ಲಿ ಹೋದರೂ ಸುಮಾರು 111 ಕಿ.ಮೀ. ಗುಣಿಸಿದರೆ 951.

ಎಡವುವುದು ರೇಖಾಂಶದಲ್ಲಿ. ಈ ಗೆರೆಗಳು ಧ್ರುವದ ಕಡೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಬೆಂಗಳೂರಿನ ಮಟ್ಟದಲ್ಲಿ ಒಂದು ಡಿಗ್ರಿ ಅಂದರೆ 108 ಕಿ.ಮೀ., ಇಲ್ಲಿ ಬರೀ 30 ಚಿಲ್ಲರೆ. ಹಾಗಾಗಿ 111ನ್ನು ಎರಡೂ ಊರುಗಳ ನಡುವಿನ ಅಕ್ಷಾಂಶದ, ಅಂದರೆ 74ರ, ಕೊಸೈನ್‌ನಿಂದ ಗುಣಿಸಬೇಕು. ಫೋನ್ ಅಡ್ಡ ಹಿಡಿದರೆ ಹೆಚ್ಚಿನ ಕ್ಯಾಲ್ಕುಲೇಟರ್‌ಗಳಲ್ಲಿ ಆ ಗುಂಡಿ (cos) ಕಾಣುತ್ತದೆ. 74ರ ಕೊಸೈನ್ 0.2756 ಬಂದರೆ ಸರಿ. 0.17 ಬಂತಾ? ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆ (ಕೋನ ಅಳೆಯುವ ಇನ್ನೊಂದು ಮಾನ), ಡಿಗ್ರಿಗೆ ಬದಲಿಸಿ. ರೇಖಾಂಶದ ವ್ಯತ್ಯಾಸ 3.45. 111, 0.2756, 3.45 ಮೂರನ್ನೂ ಗುಣಿಸಿದರೆ 105 ಕಿ.ಮೀ. ಚಿಲ್ಲರೆ.

ಇನ್ನು ಶಾಲೆಯಲ್ಲಿ ಕಲಿತ ಪೈಥಾಗೊರಸ್. 951ರ ವರ್ಗಕ್ಕೆ 105ರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. ಸುಮಾರು 957 ಕಿ.ಮೀ.

ಗಂಟೆಗೆ 800 ಕಿ.ಮೀ. ವೇಗದ ಜೆಟ್‌ಗೆ ಇದು 1 ಗಂಟೆ 12 ನಿಮಿಷದ ದಾರಿ. ಆದರೆ ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದು ಇರುತ್ತದಲ್ವಾ? ಅದಕ್ಕೆ ಅರ್ಧ ಗಂಟೆ ಸೇರಿಸಿ. ಎದುರುಗಾಳಿ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ.

ಲಾಂಗ್‌ಇಯರ್‌ಬೆನ್‌ನಿಂದ ಮುಂದೆ ನೈ-ಅಲೆಸುಂಡ್‌ಗೆ ಸಂಶೋಧಕರನ್ನು ಕರೆದೊಯ್ಯುವ ಸಣ್ಣ ವಿಮಾನವಿದೆ. ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಿಂದ ಅಲ್ಲಿದೆ. ಈ ಎರಡು ಊರುಗಳ ರೇಖಾಂಶದ ವ್ಯತ್ಯಾಸ 3.6 ಡಿಗ್ರಿ, ಬೆಂಗಳೂರು–ಚೆನ್ನೈ ನಡುವಿನದಕ್ಕಿಂತ ಜಾಸ್ತಿ. ಆದರೂ ಒಟ್ಟು ದೂರ 110 ಕಿ.ಮೀ. ಅಷ್ಟೇ!

ಧ್ರುವದ ಆಚೆ ಬದಿಯ ಅಲಾಸ್ಕಾಕ್ಕೆ ಈ ಲೆಕ್ಕ ಹಾಕಬೇಡಿ. ರೇಖಾಂಶದ ಅಂತರ ಅಷ್ಟು ದೊಡ್ಡದಾದಾಗ ಪೈಥಾಗೊರಸ್ ಕೈಕೊಡುತ್ತಾನೆ. ಆಗ ಗ್ಲೋಬ್ ಮೇಲೆ ದಾರ ಎಳೆದು ಅಳೆಯುವುದೇ ವಾಸಿ.

ಇನ್ನೊಂದು ಮಾತು. ಸ್ವಾಲ್ಬಾರ್ಡ್ ನಾರ್ವೆಗೆ ಸೇರಿದ್ದರೂ ಷೆಂಗೆನ್ ವಲಯದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಹೊರಗಿದೆ. ಹಾಗಾಗಿ ಪಾಸ್‌ಪೋರ್ಟ್ ತಪಾಸಣೆಗೆ ಬೇರೆ ಸಮಯ ಇಟ್ಟುಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರು ಎರಡು ಸಲ ಪ್ರವೇಶ ಕೊಡುವ ವೀಸಾವನ್ನೇ ಕೇಳಿ ಪಡೆಯಬೇಕು. ಇಲ್ಲದಿದ್ದರೆ ವಾಪಸ್ ಟ್ರೋಮ್ಸೊಗೆ ಬರಲು ಆಗುವುದಿಲ್ಲ.